ಮರದ ಮಣಿಯ ಜಪಸರ: ಕೊಳ್ಳಿ, ಕಾರಿನ ಕನ್ನಡಿಗೆ ನೇತುಹಾಕಲು ಮಾತ್ರ ಬೇಡ

ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರ ಹೋದವರಿಗೆ ಗೊತ್ತಿರುತ್ತದೆ, ಹೊರಗಿನ ಅಂಗಡಿಗಳಲ್ಲಿ ಮೇಣದಬತ್ತಿ, ಹೂವಿನ ಹಾರದ ಜೊತೆ ನಾವು ಕಥೋಲಿಕರು ಮಣಿ ಎಣಿಸುತ್ತಾ ಪ್ರಾರ್ಥಿಸುವ ಜಪಸರಗಳೂ ಗೊಂಚಲು ಗೊಂಚಲಾಗಿ ತೂಗಾಡುತ್ತಿರುತ್ತವೆ. ನಾನು ತಂದದ್ದು ದಾರದಲ್ಲಿ ಗಂಟು ಹಾಕಿ ಪೋಣಿಸಿದ ಮರದ ಮಣಿಯದ್ದು. ದಿನಾ ಬಳಸುತ್ತಿದ್ದೇನೆ, ತುಂಬಾ ಇಷ್ಟವಾಗಿದೆ.

ಕೊಳ್ಳುವಾಗ ಮಣಿ ಎಣಿಸಿಕೊಳ್ಳಿ. ಒಟ್ಟು 59 ಇರಬೇಕು, ಯೇಸುವಿನ ತಾಯಿ ಮರಿಯಮ್ಮನಿಗೆ ಹೇಳುವ ನಮೋ ಮರಿಯಾ ಪ್ರಾರ್ಥನೆಗೆ 53, ಯೇಸು ಕಲಿಸಿದ ಪರಲೋಕ ಪ್ರಾರ್ಥನೆಗೆ 6. ತಂತಿ ಕೊಂಡಿಯ ಸರ ಜೇಬಿನಲ್ಲಿ ಸಿಕ್ಕಿಕೊಂಡರೆ ಕೊಂಡಿ ಬಿಚ್ಚಿಹೋಗುತ್ತದೆ, ಗಂಟಿನ ದಾರಕ್ಕೆ ಆ ಕಾಟ ಇಲ್ಲ. ಪ್ಲಾಸ್ಟಿಕ್ ಮಣಿ ನುಣುಪು, ಬೆರಳಿಂದ ಸುಮ್ನೆ ಜಾರಿಬಿಡುತ್ತದೆ. ಮರದ್ದು ಸ್ವಲ್ಪ ಒರಟು. ಬೆರಳು ಒಂದೊಂದು ಮಣಿಯ ಮೇಲೂ ನಿಲ್ಲುತ್ತದೆ. ನನಗೆ ಇದರಲ್ಲಿ ಹಿಡಿಸಿದ್ದೇ ಆ ನಿಲ್ಲುವ ಗುಣ.

ಯಾಕೆ ಅಂದರೆ ನಮ್ಮ ಮನೆಗಳಲ್ಲಿ ಜಪಸರ ನಡೆಯುವ ವೇಗ ನೋಡಿ ನನಗೆ ನಿಜವಾಗಲೂ ಸಂಕಟವಾಗುತ್ತದೆ. ಅಕ್ಟೋಬರ್ ಜಪಸರದ ತಿಂಗಳು, ಮನೆಮನೆಗೆ ಹೋಗಿ ಹೇಳುತ್ತೇವೆ, ಮುಂದೆ ಹೇಳುವವರು ನಮೋ ಮರಿಯಾ ಮುಗಿಸುವ ಮೊದಲೇ ಉಳಿದವರು ಅದರ ಎರಡನೇ ಭಾಗವಾದ ಸಂತ ಮರಿಯಾ ಶುರು ಮಾಡಿರುತ್ತಾರೆ, ಮೂಲೆಯಲ್ಲಿ ಟಿವಿ ಸದ್ದಿಲ್ಲದೆ ಓಡುತ್ತಿರುತ್ತದೆ, ಎಲ್ಲರ ಕಣ್ಣೂ ಅಲ್ಲೇ. ಪ್ರತಿ ಹತ್ತು ಮಣಿಗೂ ಯೇಸುವಿನ ಅಥವಾ ಮರಿಯಮ್ಮನ ಬದುಕಿನ ಒಂದು ಘಟನೆಯನ್ನು (ಅದನ್ನೇ ರಹಸ್ಯ ಅನ್ನುತ್ತೇವೆ) ಮನಸ್ಸಿಗೆ ತಂದುಕೊಳ್ಳಬೇಕು ಅನ್ನೋದೇ ಮರೆತುಹೋಗಿದೆ. ಪೋಪ್ ಆರನೇ ಪೌಲ್ 1974ರಲ್ಲೇ ಬರೆದಿದ್ದರು, ಧ್ಯಾನವಿಲ್ಲದ ಜಪಸರ ಆತ್ಮವಿಲ್ಲದ ದೇಹ ಅಂತ.

ಪ್ರಾಟೆಸ್ಟೆಂಟ್ ಗೆಳೆಯರು ಬೈಬಲಿನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ ತೋರಿಸಿ, ಹೇಳಿದ್ದನ್ನೇ ಹೇಳುವುದು ವ್ಯರ್ಥ ಅಲ್ವಾ ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅದೇ ಸುವಾರ್ತೆಯ 26ನೇ ಅಧ್ಯಾಯ ನೋಡಿ, ಬಂಧನಕ್ಕೆ ಮುಂಚೆ ಗೆತ್ಸೆಮನಿ ತೋಪಿನಲ್ಲಿ ಯೇಸು ಮೂರನೇ ಸಲವೂ ಅದೇ ಮಾತುಗಳಲ್ಲೇ ಪ್ರಾರ್ಥಿಸಿದರು. ಬೈಬಲಿನ 136ನೇ ಕೀರ್ತನೆಯಲ್ಲಿ ಒಂದೇ ಸಾಲು 26 ಸಲ ಬರುತ್ತದೆ. ಮತ್ತೆ ಮತ್ತೆ ಹೇಳುವುದರಲ್ಲಿ ತಪ್ಪಿಲ್ಲ, ಮನಸ್ಸು ಬೇರೆಲ್ಲೋ ಇದ್ದರೆ ಕಷ್ಟ. ಮಂಗಳವಾರ, ಶುಕ್ರವಾರ ಹೇಳುವ ದುಃಖದ ರಹಸ್ಯಗಳಲ್ಲಿ ಮೊದಲನೆಯದೇ ಆ ತೋಪು. ಅಲ್ಲಿ ಯೇಸು ಒಬ್ಬರೇ ಇದ್ದರು, ಶಿಷ್ಯರು ನಿದ್ದೆ ಹೋಗಿದ್ದರು ಅನ್ನುವುದನ್ನು ನೆನೆಯುತ್ತಾ ಹತ್ತು ಮಣಿ ನಿಧಾನವಾಗಿ ಹೇಳಿ ನೋಡಿ. ಸುಸ್ತಾದ ದಿನ ಆ ಹತ್ತೇ ಸಾಕು, ಐವತ್ತು ಓಡಿಸುವುದಕ್ಕಿಂತ ಮೇಲು.

ಇನ್ನೊಂದು ಮಾತು ಹೇಳಲೇಬೇಕು. ಜಪಸರ ಮುಗಿಸಿ ಎದ್ದ ಕೂಡಲೇ ಮನೆಕೆಲಸದವರ ಸಂಬಳದಲ್ಲಿ ರಜೆಯ ದಿನಗಳನ್ನು ಮುರಿದುಕೊಳ್ಳುವವರು, ಒಡಹುಟ್ಟಿದವರ ಜೊತೆ ವರ್ಷಗಟ್ಟಲೆ ಮಾತು ಬಿಟ್ಟವರು ನಮ್ಮ ನಡುವೆಯೇ ಇದ್ದಾರೆ. ನಿಮ್ಮ ಹಾಡಿನ ಗದ್ದಲ ನನಗೆ ಬೇಡ, ನ್ಯಾಯ ಹೊಳೆಯಂತೆ ಹರಿಯಲಿ ಅಂತ ದೇವರು ಪ್ರವಾದಿ ಆಮೋಸನ ಬಾಯಲ್ಲಿ ಹೇಳಿಸಿದ್ದು ಇಂಥ ಭಕ್ತರಿಗೇ. ಎಷ್ಟು ಬೆಲೆಯ ಸರ ಕೊಂಡರೂ ಈ ಮಾತಿನಿಂದ ತಪ್ಪಿಸಿಕೊಳ್ಳಲು ಆಗಲ್ಲ.

ಶಿಲುಬೆ ಗುರುತು ಹಾಕಿದರೆ ಆನ್ ಆಗುವ ಎಲೆಕ್ಟ್ರಾನಿಕ್ ಜಪಸರ 2019ರಲ್ಲೇ ಬಂದಿದೆ, ಬೇಕಾದವರು ಬಳಸಲಿ, ನನಗೆ ಮರವೇ ಸಾಕು. ಬಣ್ಣ ಬಳಿದ ಮಣಿ ಬೇಡ, ಬೆವರಿಗೆ ಕೈಗೆಲ್ಲ ಅಂಟುತ್ತದೆ, ಬಣ್ಣ ಹಾಕದ್ದನ್ನೇ ಕೇಳಿ ತಗೊಳ್ಳಿ. ಶಿಲುಬೆ ಗಟ್ಟಿಯಾಗಿ ಕೂತಿದೆಯಾ ಅಂತ ಒಮ್ಮೆ ಎಳೆದು ನೋಡಿ. ಆಶೀರ್ವದಿಸಿದ್ದು ಅಂತ ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ, ಆಶೀರ್ವಾದವನ್ನು ಮಾರುವಂತಿಲ್ಲ. ಪೂಜೆ ಮುಗಿದ ಮೇಲೆ ನಿಮ್ಮ ಚರ್ಚಿನ ಗುರುಗಳ ಹತ್ತಿರ ಹೋದರೆ ಅಲ್ಲೇ ಪ್ರಾರ್ಥಿಸಿ ಆಶೀರ್ವದಿಸಿ ಕೊಡುತ್ತಾರೆ.