ಬೈಹಾರ್ಮೋನಿಕ್ ಸಮೀಕರಣ: ಎರಡು ಪಾಯಿಸಾನ್, 13 ಬಿಂದುಗಳ ಸೂತ್ರ, ಮಾರ್ಲಿ – ಯಾವುದು ಎಲ್ಲಿಗೆ?

ತೆಳು ತಗಡು ಭಾರಕ್ಕೆ ಎಷ್ಟು ಬಾಗುತ್ತದೆ ಎಂದು ಹೇಳುವುದು ಬೈಹಾರ್ಮೋನಿಕ್ ಸಮೀಕರಣ. ಲ್ಯಾಪ್ಲಾಸಿಯನ್ನನ್ನು (ಎಲ್ಲ ದಿಕ್ಕುಗಳ ಎರಡನೇ ಅವಕಲನಗಳ ಮೊತ್ತ) ಎರಡು ಸಲ ಪ್ರಯೋಗಿಸಿದರೆ ಬೈಹಾರ್ಮೋನಿಕ್. ಸಮೀಕರಣ ನಾಲ್ಕನೇ ದರ್ಜೆಗೆ ಏರುವುದರಿಂದ ಅಂಚಿನಲ್ಲಿ ಎರಡು ನಿಬಂಧನೆ ಬೇಕು. ಯಾವ ವಿಧಾನ ಗೆಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಆ ಎರಡನೇ ನಿಬಂಧನೆಯೇ. ಪರೀಕ್ಷೆಗೆ ಚೌಕ ತಗಡು ಸಾಕು: ಬಾಹು 1, ಬಿಗಿತ 1, ಸಮನಾಗಿ ಹರಡಿದ ಭಾರ 1. ನಡುವಿನ ಬಾಗು ಮೊದಲೇ ಗೊತ್ತು. ಅಂಚನ್ನು ಸುಮ್ಮನೆ ಆನಿಸಿದ್ದರೆ (ಅಂಚು ಕೆಳಗಿಳಿಯದು, ಆದರೆ ಇಳಿಜಾರು ಸ್ವತಂತ್ರ) 0.00406, ಕ್ಲ್ಯಾಂಪ್ ಮಾಡಿ ಇಳಿಜಾರನ್ನೂ ಸೊನ್ನೆಗೆ ಕಟ್ಟಿದ್ದರೆ 0.00126.

ಅತಿ ಅಗ್ಗದ ದಾರಿ ಎರಡು ಪಾಯಿಸಾನ್ ಸಮೀಕರಣಗಳಾಗಿ (ಲ್ಯಾಪ್ಲಾಸಿಯನ್ ಒಂದೇ ಸಲ ಬರುವಂಥವು) ಒಡೆಯುವುದು. ಮೊದಲು ಭಾರದಿಂದ ನಡುವಣ ಚಲಕವನ್ನು ಬಿಡಿಸಿ, ಅದನ್ನೇ ಭಾರವೆಂದು ಇಟ್ಟು ಬಾಗನ್ನು ಬಿಡಿಸಬೇಕು. ಎರಡಕ್ಕೂ ಅಂಚಿನಲ್ಲಿ ಸೊನ್ನೆ. ಆನಿಸಿದ ಚೌಕಕ್ಕೆ ಇದು ಸೊಗಸಾಗಿ ಒಪ್ಪುತ್ತದೆ. ಗ್ರಿಡ್ ಅಂತರ 1/4 ಇಟ್ಟರೆ ಒಳಗೆ ಬರೀ 9 ಬಿಂದು, ಸಮಮಿತಿಯಿಂದ 3 ಅಜ್ಞಾತ. ಕಾಗದದ ಮೇಲೇ ಲೆಕ್ಕ ಮುಗಿದು 0.00403 ಬರುತ್ತದೆ, ತಪ್ಪು ಶೇ. 1ಕ್ಕೂ ಕಡಿಮೆ.

ಕ್ಲ್ಯಾಂಪ್ ಮಾಡಿದ ಅಂಚಿಗೆ ಇದೇ ಪ್ರೋಗ್ರಾಂ ಓಡಿಸುವುದು ಅಪಾಯ. ಅಲ್ಲಿ ಎರಡು ನಿಬಂಧನೆಗಳೂ ಬಾಗಿನ ಮೇಲೆಯೇ ಇವೆ, ನಡುವಣ ಚಲಕಕ್ಕೆ ಒಂದೂ ಇಲ್ಲ. ಅದಕ್ಕೆ ಸೊನ್ನೆ ಹಾಕಿಬಿಟ್ಟರೆ ಯಾವ ಎಚ್ಚರಿಕೆಯೂ ಇಲ್ಲದೆ ಮೂರು ಪಟ್ಟಿಗೂ ಮೀರಿದ ಉತ್ತರ ಸಿಗುತ್ತದೆ. ಆನಿಸಿದ್ದೇ ಆದರೂ ಅಂಚು ವಕ್ರವಾಗಿದ್ದರೆ ಮೋಸ ಇದ್ದದ್ದೇ: ತ್ರಿಜ್ಯ 1, ಪಾಯಿಸಾನ್ ಅನುಪಾತ (ಎಳೆದಾಗ ವಸ್ತು ಅಡ್ಡಕ್ಕೆ ಕುಗ್ಗುವ ಪ್ರಮಾಣ) 0.3 ಇರುವ ವೃತ್ತದ ತಗಡಿನ ನಿಜವಾದ ಬಾಗು 0.0637. ವೃತ್ತವನ್ನು ಬಹುಭುಜವಾಗಿ ಕತ್ತರಿಸಿ ಒಡೆದು ಬಿಡಿಸಿದರೆ, ಬಾಹುಗಳನ್ನು ಎಷ್ಟೇ ಹೆಚ್ಚಿಸಿದರೂ ಉತ್ತರ 3/64ರತ್ತ, ಅಂದರೆ 0.0469ರತ್ತ ಹೋಗಿ ನಿಲ್ಲುತ್ತದೆ. ಬಾಬುಷ್ಕಾ ವಿರೋಧಾಭಾಸ ಎಂದು ಕರೆಯುವುದು ಇದನ್ನೇ. ಮೆಶ್ (ಲೆಕ್ಕದ ಜಾಲರಿ) ಸಣ್ಣದು ಮಾಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಕ್ಲ್ಯಾಂಪ್ ಮಾಡಿದ ಚೌಕಕ್ಕೆ 13 ಬಿಂದುಗಳ ಸೂತ್ರವೇ ನೇರ ದಾರಿ: ಗ್ರಿಡ್ಡಿನ ಒಂದು ಬಿಂದು ಮತ್ತು ಸುತ್ತಲಿನ 12 ಬಿಂದುಗಳ ಬಾಗನ್ನು ಇಂತಿಷ್ಟು ಗುಣಾಂಕ ಹಾಕಿ ಕೂಡಿಸುವುದು. ನಡುವಿಗೆ 20, ಅಕ್ಕಪಕ್ಕದ ನಾಲ್ಕಕ್ಕೆ ತಲಾ −8, ಮೂಲೆಯ ನಾಲ್ಕಕ್ಕೆ 2, ಎರಡು ಹೆಜ್ಜೆ ಆಚೆಯ ನಾಲ್ಕಕ್ಕೆ 1. ಮೊತ್ತ ಸೊನ್ನೆ ಬರಲೇಬೇಕು. ಅಂಚಿನಾಚೆಯ ಗೋಸ್ಟ್ (ಕಾಲ್ಪನಿಕ) ಬಿಂದುವಿಗೆ ಒಳಗಿನ ಮೊದಲ ಬಿಂದುವಿನ ಬೆಲೆಯನ್ನೇ ಕೊಟ್ಟರೆ ಅಂಚಿನ ಪಕ್ಕದಲ್ಲಿ 20 ಹೋಗಿ 21 ಆಗುತ್ತದೆ, ಮೂಲೆಯಲ್ಲಿ 22. ಆನಿಸಿದ ಅಂಚಿಗೆ ಚಿಹ್ನೆ ಬದಲಿಸಬೇಕು: 19 ಮತ್ತು 18. ಈ ಚಿಹ್ನೆ ತಪ್ಪಿದರೆ ಬೇರೆಯದೇ ತಗಡನ್ನು ಬಿಡಿಸಿದಂತೆ.

ಆದರೆ ಒರಟು ಗ್ರಿಡ್ ನಂಬಬೇಡಿ. ಅದೇ 1/4 ಅಂತರಕ್ಕೆ ಕ್ಲ್ಯಾಂಪ್ ಮಾಡಿದ ಚೌಕದಲ್ಲಿ ಬರುವುದು 0.00180, ಶೇ. 40ಕ್ಕಿಂತ ಜಾಸ್ತಿ ತಪ್ಪು. ಹಾಗೆಂದು ಗ್ರಿಡ್ಡನ್ನು ಬೇಕಾಬಿಟ್ಟಿ ಸಣ್ಣದು ಮಾಡುವಂತೆಯೂ ಇಲ್ಲ: ಮ್ಯಾಟ್ರಿಕ್ಸಿನ ಕಂಡಿಷನ್ ಸಂಖ್ಯೆ (ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ಪಟ್ಟು ಹಿಗ್ಗಬಹುದು ಎಂಬ ಅಳತೆ) ಅಂತರ 1/100 ಇದ್ದಾಗ ಸುಮಾರು 50 ಲಕ್ಷ, 1/1000ಕ್ಕೆ ಸುಮಾರು 5,000 ಕೋಟಿ. ಡಬಲ್ ಪ್ರಿಸಿಷನ್ನಿನ 16 ಅಂಕಿಗಳಲ್ಲಿ ಹತ್ತಕ್ಕೂ ಹೆಚ್ಚು ಅಲ್ಲೇ ಕರಗಬಹುದು. ಹಂತಹಂತವಾಗಿ ಉತ್ತರದತ್ತ ಸಾಗುವ ಕಾಂಜುಗೇಟ್ ಗ್ರೇಡಿಯೆಂಟ್ ವಿಧಾನ ತೆವಳುತ್ತದೆ. ಎರಡು ಆಯಾಮಕ್ಕೆ ಸ್ಪಾರ್ಸ್ ಚೊಲೆಸ್ಕಿ (ಸೊನ್ನೆಗಳೇ ಹೆಚ್ಚಿರುವ ಮ್ಯಾಟ್ರಿಕ್ಸನ್ನು ನೇರವಾಗಿ ಅಪವರ್ತಿಸಿ ಬಿಡಿಸುವುದು) ಮೇಲು. ಕಾಲವೂ ಸೇರಿದ ಸಮೀಕರಣಕ್ಕೆ ಎಕ್ಸ್‌ಪ್ಲಿಸಿಟ್ ಆಯ್ಲರ್ (ಈಗಿನ ಬೆಲೆಗಳಿಂದಲೇ ಮುಂದಿನ ಹೆಜ್ಜೆ ಲೆಕ್ಕಹಾಕುವ ವಿಧಾನ) ಬೇಡವೇ ಬೇಡ: ಕಾಲದ ಹೆಜ್ಜೆ ಅಂತರದ ನಾಲ್ಕನೇ ಘಾತದ 1/32 ಮೀರುವಂತಿಲ್ಲ.

ಆಕಾರ ಅಂಕುಡೊಂಕಾದರೆ ಫೈನೈಟ್ ಎಲಿಮೆಂಟ್: ತಗಡನ್ನು ಸಣ್ಣ ತ್ರಿಕೋನಗಳಾಗಿ ಒಡೆದು, ಪ್ರತಿಯೊಂದರಲ್ಲೂ ಬಾಗನ್ನು ಬಹುಪದವಾಗಿ ಬರೆಯುವುದು. ಆರ್ಗಿರಿಸ್ ತ್ರಿಕೋನಕ್ಕೆ 21 ಅಜ್ಞಾತ, ಐದನೇ ಘಾತದ ಬಹುಪದ. ನಿಖರ, ಆದರೆ ಕೋಡ್ ಭಾರ. ಮಾರ್ಲಿ ತ್ರಿಕೋನಕ್ಕೆ 6 ಸಾಕು: ಮೂರು ಶೃಂಗಗಳಲ್ಲಿ ಬಾಗು, ಮೂರು ಬಾಹುಗಳ ನಡುವೆ ಲಂಬ ಇಳಿಜಾರು. ಹಂಚಿಕೊಂಡ ಬಾಹುವಿಗೆ ಎರಡೂ ತ್ರಿಕೋನಗಳು ಒಂದೇ ಲಂಬದಿಕ್ಕನ್ನು ಬಳಸಬೇಕು. ಇಲ್ಲದಿದ್ದರೆ ಇಳಿಜಾರುಗಳು ವಿರುದ್ಧ ಚಿಹ್ನೆಯಲ್ಲಿ ಜೋಡಣೆಯಾಗಿ ಉತ್ತರ ಕೆಡುತ್ತದೆ.

ಕೈಯಲ್ಲಿ ಸಾಮಾನ್ಯ ಎರಡನೇ ಘಾತದ ತ್ರಿಕೋನಗಳ ಕೋಡ್ ಮಾತ್ರ ಇದ್ದರೆ ಇಂಟೀರಿಯರ್ ಪೆನಾಲ್ಟಿ ವಿಧಾನ ಹಿಡಿಯಿರಿ. ಬಾಹು ದಾಟುವಾಗ ಇಳಿಜಾರು ಜಿಗಿದರೆ ಅದಕ್ಕೆ ಬಾಹುವಿನ ಉದ್ದದಿಂದ ಭಾಗಿಸಿದ ಪೆನಾಲ್ಟಿ ಬೀಳುತ್ತದೆ. ಗುಣಾಂಕ ತೀರಾ ದೊಡ್ಡದಾದರೆ ಕಂಡಿಷನ್ ಇನ್ನಷ್ಟು ಹದಗೆಡುತ್ತದೆ. ಸಾಲದೆ ಹೋದರೆ ಮ್ಯಾಟ್ರಿಕ್ಸ್ ಧನಾತ್ಮಕವಾಗಿ ಉಳಿಯುವ ಭರವಸೆಯಿಲ್ಲ. ಚೊಲೆಸ್ಕಿ ಋಣ ಪಿವಟ್ (ಭಾಗಿಸಲು ಬಳಸುವ ಕರ್ಣದ ಸಂಖ್ಯೆ) ಕಂಡು ನಿಂತರೆ ಮೊದಲು ಈ ಗುಣಾಂಕವನ್ನು ದುಪ್ಪಟ್ಟು ಮಾಡಿ ನೋಡಿ.