ಮರದ ಕರ್ನಾಟಕ ಪಜಲ್: ಎರಡು ಸ್ಟಾರ್, ಅದೂ ಮರಕ್ಕೆ

ನಾಲ್ಕನೇ ಕ್ಲಾಸಿನ ಮಗಳಿಗೆ ಜಿಲ್ಲೆಗಳು ತಲೆಗೆ ಹತ್ತಲಿ ಅಂತ ಆನ್‌ಲೈನ್‌ನಲ್ಲಿ ಮರದ ಕರ್ನಾಟಕ ಪಜಲ್ ತರಿಸಿದೆ. 649 ರೂಪಾಯಿ. ಅಂಚು ಉಜ್ಜಿ ನುಣುಪು ಮಾಡಿದ್ದಾರೆ, ಬಣ್ಣ ಕೈಗೆ ಹತ್ತಲ್ಲ. ಹೊಗಳೋಕೆ ಇರೋದು ಅಷ್ಟೇ.

ಮೊದಲ ದಿನ ಜೋಡಿಸಿ ಮುಗಿಸಿದವಳು ತುಂಡು ಎಣಿಸಿದಳು. ಮೂವತ್ತು. ಮತ್ತೆ ಎಣಿಸಿದಳು. "ಅಪ್ಪಾ, ಒಂದು ಕಳೆದೈತಿ" ಅಂತ ಪೆಟ್ಟಿಗೆ ಬೋರಲು ಹಾಕಿ ಕುಟ್ಟಿದಳು, ದಿವಾನದ ಕೆಳಗೆ ಟಾರ್ಚ್ ಬಿಟ್ಟಳು, ಪೊರಕೆ ತೂರಿಸಿ ಒಂದು ಹಳೇ ಪೆನ್ಸಿಲ್ ತುಂಡು ಎಳೆದು ತಂದಳು. ಶಾಲೆಯಲ್ಲಿ 31 ಅಂತ ಹೇಳಿಕೊಟ್ಟಿದ್ದಾರೆ, ಹಾಗಾಗಿ ತಾನೇ ಕಳೆದಿದ್ದೀನಿ ಅಂತ ಪಾಪ ಅಳುಮುಖ. ನಾನು ನೋಡಿದರೆ ಬಳ್ಳಾರಿ ತುಂಡು ಪಶ್ಚಿಮಕ್ಕೆ ಹಾವೇರಿ ತನಕ ಕಾಲು ಚಾಚಿಕೊಂಡು ಮಲಗಿದೆ. ವಿಜಯನಗರ ಜಿಲ್ಲೆ ಆಗಿದ್ದು 2021ರಲ್ಲಿ. ಇವರ ನಕ್ಷೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಅಜ್ಜಿ ಊರು ಹೊಸಪೇಟೆ. "ಅಂದ್ರ ನಮ್ಮ ಜಿಲ್ಲೆನೇ ಮಾಡಿಲ್ಲೇನವ್ವಾ ಅವರು?" ಅಂತ ಮೊಮ್ಮಗಳನ್ನು ಕೇಳಿದರು. ಮಾರಿದವರಿಗೆ ಬರೆದರೆ 'ಇದೇ ನಮ್ಮ ಡಿಸೈನ್' ಅಂತ ಒಂದು ಸಾಲಿನ ಉತ್ತರ. ವಾಪಸ್ ತಗೊಳ್ಳಲ್ಲವಂತೆ.

ಸಿಟ್ಟಿಗೆ ಬಳ್ಳಾರಿಯನ್ನು ಗರಗಸದಲ್ಲಿ ನಾನೇ ಎರಡು ಮಾಡ್ತೀನಿ ಅಂತ ಕೂತೆ. ಆಗ ಇನ್ನೊಂದು ಕಣ್ಣಿಗೆ ಬಿತ್ತು: ಹರಪನಹಳ್ಳಿ ಆ ತುಂಡಿನಲ್ಲೇ ಇಲ್ಲ, ದಾವಣಗೆರೆಯಲ್ಲಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಆ ಕಡೆ ಹೋದ ತಾಲ್ಲೂಕು ಅದು, ಆಮೇಲೆ ಬಳ್ಳಾರಿಗೆ ವಾಪಸ್ ಬಂದು ಈಗ ವಿಜಯನಗರದಲ್ಲಿದೆ. ಎಷ್ಟು ಹಳೇ ನಕ್ಷೆ ಇಟ್ಟುಕೊಂಡು ಕೊಯ್ದಿದ್ದಾರೋ! ಗರಗಸ ಕೆಳಗಿಟ್ಟೆ.

ಪುಸ್ತಕದಂಗಡಿಯಲ್ಲಿ ಕರ್ನಾಟಕದ ಔಟ್‌ಲೈನ್ ಮ್ಯಾಪ್ ತಗೊಂಡೆ, ಅಲ್ಲೇ ನಿಂತು 31 ಎಣಿಸಿದ ಮೇಲೆ. ಜೆರಾಕ್ಸ್‌ನಲ್ಲಿ ದೊಡ್ಡದು ಮಾಡಿಸಿ, ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬಕ್ಕೆ ಅಂಟಿಸಿ ಕಟರ್‌ನಲ್ಲಿ ಕೊಯ್ದೆ. ಎಲ್ಲ ಸೇರಿ ನಲವತ್ತು ರೂಪಾಯಿ ದಾಟಲಿಲ್ಲ. ಬೆಂಗಳೂರು ನಗರ ಮಾತ್ರ ಉಗುರಿನಷ್ಟಾಗಿ ಮೂರು ಸಲ ಕಳೆದು ಮೂರು ಸಲ ಸಿಕ್ಕಿತು.

ಬರೀ ಆಕಾರ ಜೋಡಿಸೋದು ಎರಡೇ ದಿನಕ್ಕೆ ಬೇಜಾರಾಗುತ್ತೆ, ಮರದ್ದರಲ್ಲೂ ಹಾಗೇ ಆಗ್ತಿತ್ತು. ಅದಕ್ಕೆ ಪ್ರತಿ ಜಿಲ್ಲೆ ಮೇಲೆ ಆ ಊರಿನದೇ ಏನಾದರೂ ಅಂಟಿಸಿ, ಕಣ್ಣು ಮುಚ್ಚಿ ಮುಟ್ಟಿ ಹೆಸರು ಹೇಳೋ ಆಟ ಮಾಡಿದೆವು. ಬಳ್ಳಾರಿಗೆ ಜೀನ್ಸ್ ಚೂರು ಮತ್ತು ಒಂದು ಚಿಟಿಕೆ ಸಂಡೂರಿನ ಕೆಂಪು ಮಣ್ಣು. ಜೀನ್ಸ್ ಚೂರು ನಮ್ಮ ಬೀದಿಯಲ್ಲಿ ಹೊಲಿಯೋರ ಹತ್ತಿರ ಮೂಟೆಗಟ್ಟಲೆ ಬಿದ್ದಿರುತ್ತೆ, ಕೇಳಿದ್ದಕ್ಕೆ ನಕ್ಕು ಒಂದು ಚೀಲ ಕೊಟ್ಟರು. ರಾಯಚೂರಿಗೆ ಭತ್ತ, ಕಲಬುರಗಿಗೆ ತೊಗರಿಬೇಳೆ, ಕೊಡಗಿಗೆ ಕಾಫಿ ಬೀಜ. ಕೊಪ್ಪಳಕ್ಕೆ ಕಿನ್ನಾಳದ ಗೊಂಬೆಯ ಚಿತ್ರ ಅಂಟಿಸಿದ್ದೆ, ಆದರೆ ಕಣ್ಣು ಮುಚ್ಚಿದ ಮೇಲೆ ಚಿತ್ರ ಏನು ಉಪಯೋಗ ಅಂತ ಮಗಳೇ ಬೈದಳು. ಈಗ ಅಲ್ಲಿ ಬಣ್ಣ ಬಳಿದ ಮರದ ಚಕ್ಕೆ ಇದೆ.

ನೀವು ಮಾಡೋದಾದರೆ ಎರಡು ತಪ್ಪು ಮಾಡಬೇಡಿ. ಹಾವೇರಿಗೆ ಬ್ಯಾಡಗಿ ಮೆಣಸಿನಕಾಯಿ ಅಂಟಿಸಿದೆ, ಅವಳು ಮುಟ್ಟಿದ ಕೈಯಲ್ಲೇ ಕಣ್ಣು ಉಜ್ಜಿಕೊಂಡು ಮನೆ ಮೇಲೆದ್ದುಹೋಯ್ತು. ಈಗ ಬರೀ ತೊಟ್ಟು ಇದೆ. ಇನ್ನೊಂದು, ಮಂಡ್ಯಕ್ಕೆ ಸಕ್ಕರೆ. ಬೆಳಗ್ಗೆ ಎದ್ದು ನೋಡಿದರೆ ಇರುವೆಗಳು ಮಂಡ್ಯ ಮುಗಿಸಿ ಮೈಸೂರಿಗೆ ಹೊರಟಿದ್ದವು.

ನನಗೆ ಜಾಸ್ತಿ ಇಷ್ಟ ಆಗಿದ್ದು ಉಲ್ಲನ್ ದಾರದ ನದಿಗಳು. ಮರದ ಪಜಲ್‌ಗೆ ಚೌಕಟ್ಟು ಇದೆ, ರಾಜ್ಯ ಮುಗಿದ ಕಡೆ ನದಿಯೂ ಮುಗೀತು. ನಮ್ಮ ರಟ್ಟು ನೆಲದ ಮೇಲಿರೋದರಿಂದ ಕೃಷ್ಣಾ ಮಹಾಬಲೇಶ್ವರದಿಂದ, ಅಂದರೆ ಕುರ್ಚಿ ಕಾಲಿನ ಹತ್ತಿರದಿಂದ, ಹೊರಟು ಬೆಳಗಾವಿ ಕಡೆ ಒಳಗೆ ಬರುತ್ತೆ. ತುಂಗಾ ಒಂದು ದಾರ, ಭದ್ರಾ ಒಂದು ದಾರ, ಶಿವಮೊಗ್ಗದ ಕೂಡ್ಲಿಯಲ್ಲಿ ಎರಡಕ್ಕೂ ಗಂಟು. ಅಲ್ಲಿಂದ ಹೊಸಪೇಟೆ ಡ್ಯಾಂ ದಾಟಿ, ರಟ್ಟು ಬಿಟ್ಟು ಟೈಲ್ಸ್ ಮೇಲೆ ಇಳಿದು, ಮಂತ್ರಾಲಯ ಅಂತ ಇಟ್ಟಿರೋ ಬಾಟಲಿ ಮುಚ್ಚಳದ ಪಕ್ಕ ಹಾದು, ಆಂಧ್ರದ ಸಂಗಮೇಶ್ವರದಲ್ಲಿ ಕೃಷ್ಣೆಗೆ ಸೇರುತ್ತೆ. ರಾಯಚೂರು ಎರಡು ದಾರದ ನಡುವೆ ಕೂತಿದ್ದು ನೋಡಿ "ಅದಕ್ಕೇ ದೋಆಬ್ ಅಂತಾರಾ?" ಅಂದಳು. ಆ ಪದ ಪುಸ್ತಕದಲ್ಲಿತ್ತು, ಬಾಯಿಪಾಠ ಆಗಿತ್ತು, ಅರ್ಥ ಆಗಿರಲಿಲ್ಲ ಅಷ್ಟೇ.

ಹೊರಗೆ ಹೋದಾಗ ಗಾಡಿ ನಂಬರ್ ಆಟ. ಕೆಎ 34 ನಮ್ಮ ಬಳ್ಳಾರಿ, 35 ಹೊಸಪೇಟೆ, 36 ರಾಯಚೂರು, 37 ಕೊಪ್ಪಳ. ಬಸ್ ಸ್ಟ್ಯಾಂಡಿನಲ್ಲಿ ಒಂದು ಗಂಟೆ ಸುಮ್ನೆ ಕಳೆದುಹೋಗುತ್ತೆ.

2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ನಮ್ಮ ರಟ್ಟಿಗೆ ಒಂದು ಚೀಟಿ ಸಾಕಾಯ್ತು. ಮರದ್ದರಲ್ಲಿ ಹೆಸರು ಕೊರೆದಿದ್ದಾರೆ, ಏನೂ ಮಾಡೋಕಾಗಲ್ಲ. ಕೊಳ್ಳಲೇಬೇಕು ಅಂದರೆ ದುಡ್ಡು ಕಟ್ಟೋ ಮುಂಚೆ ಎಷ್ಟು ತುಂಡು ಅಂತ ಕೇಳಿ. ನಮ್ಮ ಪಜಲ್ ಹಲಗೆ ಮೇಲೆ ಅಜ್ಜಿ ಈಗ ಅವರೆಕಾಯಿ ಸುಲೀತಾರೆ.