ಭದ್ರತೆಗೆಂದು ಕೊಟ್ಟ ಮೊಬೈಲ್ ಸಂಖ್ಯೆ ನನ್ನ ಗುಟ್ಟನ್ನು ಬಯಲು ಮಾಡಿತು

ಬೇರೆ ಹೆಸರಿನಲ್ಲಿ ಖಾತೆ ತೆರೆದರೆ ಯಾರಿಗೂ ಗುರುತು ಸಿಗುವುದಿಲ್ಲ ಎಂದು ನಂಬಿರುವವರು ದಯವಿಟ್ಟು ಇದನ್ನು ಓದಿ. ಕಾಯಿಲೆ, ವಿಚ್ಛೇದನ, ಸಾಲದಂತಹ, ನಾಲ್ಕು ಜನರ ಮುಂದೆ ಹೇಳಿಕೊಳ್ಳಲಾಗದ ವಿಷಯಗಳ ಗುಂಪುಗಳಲ್ಲಿ ಇರುವವರಂತೂ ಓದಲೇಬೇಕು.

ನನಗೆ ಬಹುಕಾಲದಿಂದ ಒಂದು ಕಾಯಿಲೆ ಇದೆ. ಅದೇ ಕಾಯಿಲೆಯವರು ಔಷಧದ ಅಡ್ಡಪರಿಣಾಮ, ನಿದ್ದೆ ಬಾರದ ರಾತ್ರಿಗಳ ಬಗ್ಗೆ ಮಾತನಾಡಿಕೊಳ್ಳುವ ಗುಂಪೊಂದು ದೊಡ್ಡ ಸಾಮಾಜಿಕ ಜಾಲತಾಣವೊಂದರಲ್ಲಿದೆ. ಕಚೇರಿಯಲ್ಲಿ ಸುದ್ದಿಯಾಗಬಾರದೆಂದು ಹೊಸ ಹೆಸರು, ಹೊಸ ಇಮೇಲ್ ವಿಳಾಸ, ಮುಖದ ಬದಲು ಒಂದು ಮರದ ಚಿತ್ರ, ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡೇ ಅಲ್ಲಿ ಸೇರಿದೆ. ಸ್ವಲ್ಪ ದಿನಗಳ ಬಳಿಕ ಖಾತೆಗೆ ಲಾಗಿನ್ ಆಗಲು ಹೋದಾಗ ಅಡ್ಡಲಾಗಿ ಒಂದು ಸೂಚನೆ ಬಂತು: ನಿಮ್ಮ ಖಾತೆಯ ಸುರಕ್ಷತೆಗಾಗಿ ಮೊಬೈಲ್ ಸಂಖ್ಯೆ ಸೇರಿಸಿ. ಸೇರಿಸದೆ ಒಳಗೆ ಬಿಡಲಿಲ್ಲ. ಈ ಸಂಖ್ಯೆ ಬೇರೆಯವರಿಗೆ ಕಾಣಿಸುವುದಿಲ್ಲ ಎಂಬ ಭರವಸೆ ಕೆಳಗೆ ಸಣ್ಣ ಅಕ್ಷರಗಳಲ್ಲಿತ್ತು.

ಆ ಮಾತನ್ನು ಕಂಪನಿ ಚಾಚೂ ತಪ್ಪದೆ ಪಾಲಿಸಿತು. ಸಂಖ್ಯೆ ಯಾರಿಗೂ ಕಾಣಿಸಲಿಲ್ಲ. ಕಾಣಿಸಿದ್ದು ನಾನು.

ಸಹೋದ್ಯೋಗಿಯೊಬ್ಬರು ನನ್ನ ಮೇಜಿನ ಬಳಿ ಬಂದು ತಗ್ಗಿದ ದನಿಯಲ್ಲಿ ‘ನೀವು ಚೆನ್ನಾಗಿದ್ದೀರಿ ತಾನೆ?’ ಎಂದು ಕೇಳಿದರು. ‘ನಿಮಗೆ ಪರಿಚಯವಿರಬಹುದಾದವರು’ ಎಂದು ಜಾಲತಾಣ ತೋರಿಸುವ ಪಟ್ಟಿಯಲ್ಲಿ ಅವರಿಗೆ ಆ ಮರದ ಚಿತ್ರ ಕಂಡಿತ್ತು. ನಮ್ಮ ವಿಭಾಗದ ಬೇರೆಯವರಿಗೂ ಅದೇ ಚಿತ್ರ, ಅದೇ ಅಪರಿಚಿತ ಹೆಸರು. ಇಡೀ ವಿಭಾಗಕ್ಕೆ ಪರಿಚಯವಿರುವ ಈ ಅಪರಿಚಿತ ಯಾರಿರಬಹುದು ಎಂದು ಊಹಿಸುವುದು ಕಷ್ಟವೇನಲ್ಲ. ರಜೆಯ ತಾರೀಖುಗಳ ಬಗ್ಗೆ ನಾನು ಗುಂಪಿನಲ್ಲಿ ಬರೆದ ಒಂದೆರಡು ಸಾಲುಗಳೇ ಸಾಕಾದವು. ಕೇಳಿದವರ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಆಮೇಲೆ ಮೇಲಧಿಕಾರಿಗಳು ನನ್ನ ಬಳಿ ಮಾತನಾಡುವ ರೀತಿಯೇ ಬದಲಾಯಿತು, ಹೊಣೆಯ ಕೆಲಸಗಳು ಮೆಲ್ಲಗೆ ಬೇರೆಯವರ ಕೈಗೆ ಹೋದವು. ಅದಕ್ಕೆ ಯಾರ ಬಳಿ ದೂರು ಹೇಳುವುದು?

ಇದರಲ್ಲಿ ಮಾಯಮಂತ್ರವೇನೂ ಇಲ್ಲ. ಆ್ಯಪ್ ಹಾಕಿಕೊಳ್ಳುವಾಗ ‘ಗೆಳೆಯರನ್ನು ಹುಡುಕಿ’ ಎಂಬುದಕ್ಕೆ ಒಪ್ಪಿದವರ ಮೊಬೈಲ್‌ನಲ್ಲಿರುವ ಸಂಪರ್ಕ ಪಟ್ಟಿ ಪೂರ್ತಿಯಾಗಿ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಸಹೋದ್ಯೋಗಿಗಳ ಪಟ್ಟಿಯಲ್ಲಿ ನನ್ನ ನಿಜವಾದ ಹೆಸರು, ಅದರ ಪಕ್ಕದಲ್ಲಿ ನನ್ನ ಸಂಖ್ಯೆ. ಹೊಸ ಖಾತೆಯಲ್ಲೂ ಅದೇ ಸಂಖ್ಯೆ. ಎರಡನ್ನೂ ತಾಳೆ ಹಾಕಿದರೆ ಮುಗಿಯಿತು. ನೀವು ಎಷ್ಟೇ ಬಾಯಿ ಬಿಗಿಹಿಡಿದರೂ, ನಿಮ್ಮ ಸಂಖ್ಯೆ ಇಟ್ಟುಕೊಂಡಿರುವ ಪ್ರತಿಯೊಬ್ಬರೂ ನಿಮ್ಮ ಪರವಾಗಿ ಅದನ್ನು ಒಪ್ಪಿಸಿಬಿಟ್ಟಿರುತ್ತಾರೆ.

ಕಂಪನಿಗೆ ಬರೆದೆ. ನಿಮ್ಮ ಖಾಸಗಿತನ ನಮಗೆ ಮುಖ್ಯ ಎಂದು ಆರಂಭವಾಗುವ ಯಂತ್ರದ ಉತ್ತರ ಬಂತು. ಮತ್ತೆ ಬರೆದರೆ ಅದೇ ಉತ್ತರ. ಸಂಖ್ಯೆಯನ್ನು ತೆಗೆದುಹಾಕಿದ ಮೇಲೂ ಆ ಖಾತೆ ಸಹೋದ್ಯೋಗಿಗಳ ಪಟ್ಟಿಯಲ್ಲಿ ಇಣುಕುತ್ತಲೇ ಇತ್ತು. ಕೊನೆಗೆ ಖಾತೆಯನ್ನೇ ಅಳಿಸಿದೆ. ಗುಂಪೂ ಕೈತಪ್ಪಿತು.

ನನ್ನೊಬ್ಬನ ದುರದೃಷ್ಟ ಎಂದುಕೊಳ್ಳಬೇಡಿ. ಭದ್ರತೆಯ ಹೆಸರಿನಲ್ಲಿ ಪಡೆದ ಸಂಖ್ಯೆಯನ್ನು ಬೇರೆ ಕೆಲಸಕ್ಕೆ ಹಚ್ಚುವುದು ಈ ವ್ಯಾಪಾರದಲ್ಲಿ ಹೊಸದಲ್ಲ. ಟ್ವಿಟರ್ 2013ರಿಂದ 2019ರವರೆಗೆ ಖಾತೆಯ ಸುರಕ್ಷತೆಗೆಂದು ಹೇಳಿ 14 ಕೋಟಿಗೂ ಹೆಚ್ಚು ಬಳಕೆದಾರರಿಂದ ಫೋನ್ ಸಂಖ್ಯೆ, ಇಮೇಲ್ ವಿಳಾಸ ಪಡೆದು, ಅವುಗಳನ್ನು ಗುರಿಯಿಟ್ಟ ಜಾಹೀರಾತಿಗೆ ಬಳಸಿಕೊಂಡಿತು ಎಂಬುದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ಆರೋಪ. 2022ರಲ್ಲಿ ಕಂಪನಿ 15 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. 2019ರಲ್ಲಿ ಫೇಸ್‌ಬುಕ್ ಮೇಲೆ ಬಿದ್ದ 500 ಕೋಟಿ ಡಾಲರ್ ದಂಡದ ಹಿಂದಿದ್ದ ಆರೋಪಗಳಲ್ಲೂ ಇಂಥದ್ದೇ ಒಂದಿತ್ತು: ಎರಡು ಹಂತದ ಪರಿಶೀಲನೆಗೆಂದು, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಸಂಕೇತವನ್ನೂ ಕೇಳುವ ವ್ಯವಸ್ಥೆಗೆಂದು, ಜನ ಕೊಟ್ಟ ಸಂಖ್ಯೆ ಜಾಹೀರಾತಿಗೆ ಹೋಗಿತ್ತು. ದಂಡದ ಮೊತ್ತ ಕೇಳಿ ಹುಬ್ಬೇರಿಸಬೇಡಿ. ಹಿಂದಿನ ವರ್ಷ, 2018ರಲ್ಲಿ, ಆ ಕಂಪನಿಯ ಆದಾಯ ಸುಮಾರು 5,580 ಕೋಟಿ ಡಾಲರ್.

ಸಂಪರ್ಕ ಪಟ್ಟಿಯ ಕಥೆ ಇನ್ನೂ ಹಳೆಯದು. 2013ರಲ್ಲಿ ಫೇಸ್‌ಬುಕ್‌ನ ಒಂದು ದೋಷದಿಂದ ಸುಮಾರು 60 ಲಕ್ಷ ಬಳಕೆದಾರರ ಫೋನ್ ಸಂಖ್ಯೆ ಅಥವಾ ಇಮೇಲ್ ವಿಳಾಸ ಪರರ ಕೈಸೇರಿತು. ಅವುಗಳಲ್ಲಿ ಖಾತೆಯ ಒಡೆಯರು ತಾವಾಗಿ ಕೊಡದೆ, ಅವರ ಪರಿಚಿತರ ಪಟ್ಟಿಗಳಿಂದ ಬಂದು ಸೇರಿದ ವಿವರಗಳೂ ಇದ್ದವು. ಪಟ್ಟಿಯಿಂದ ಗೆಳೆಯರನ್ನು ಹುಡುಕಿಕೊಡುವ ಇದೇ ಸೌಲಭ್ಯಕ್ಕೆ ಯಂತ್ರದ ಮೂಲಕ ಸಂಖ್ಯೆಗಳನ್ನು ಸುರಿದು, ಯಾವ ಸಂಖ್ಯೆ ಯಾರದೆಂದು ಹೊರಗಿನವರು ಹೆಕ್ಕಿ ತೆಗೆದರು. 2021ರಲ್ಲಿ 53 ಕೋಟಿಗೂ ಹೆಚ್ಚು ಜನರ ವಿವರ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗತೊಡಗಿತು. ಮರುವರ್ಷ ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗ 26.5 ಕೋಟಿ ಯೂರೊ ದಂಡ ಹಾಕಿತು. ದಂಡದ ಹಣವೇನೋ ಸರ್ಕಾರಕ್ಕೆ ಹೋಗುತ್ತದೆ; ಹೊರಬಿದ್ದ ಸಂಖ್ಯೆ ಹಿಂದಕ್ಕೆ ಬರುವುದಿಲ್ಲ.

ಹಾಗಾದರೆ ಎರಡು ಹಂತದ ಪರಿಶೀಲನೆಯೇ ಬೇಡವೇ? ಖಂಡಿತ ಬೇಕು. ಆದರೆ ಎಸ್ಸೆಮ್ಮೆಸ್ ಬದಲು, ಆ ಸಂಕೇತವನ್ನು ಮೊಬೈಲ್‌ನಲ್ಲೇ ತಯಾರಿಸಿಕೊಡುವ ಅಥೆಂಟಿಕೇಟರ್ ಆ್ಯಪ್ ಬಳಸುವ ಆಯ್ಕೆ ಇದ್ದರೆ ಅದನ್ನೇ ಹಿಡಿಯಿರಿ, ಅದಕ್ಕೆ ಫೋನ್ ಸಂಖ್ಯೆ ಕೊಡಬೇಕಿಲ್ಲ. ಸಂಖ್ಯೆ ಕೊಡದೆ ಒಳಗೇ ಬಿಡದ ಜಾಲತಾಣದಲ್ಲಿ ಗುಟ್ಟಿನ ಖಾತೆ ಇಟ್ಟುಕೊಳ್ಳಬೇಡಿ. ಮೊಬೈಲ್ ಸೆಟ್ಟಿಂಗ್ಸ್‌ನಲ್ಲಿ ಸಂಪರ್ಕ ಪಟ್ಟಿಯ ಅನುಮತಿಯನ್ನು ಕಿತ್ತುಹಾಕಿ. ಅಷ್ಟಕ್ಕೆ ನಿಲ್ಲಿಸಬೇಡಿ, ಏಕೆಂದರೆ ಈಗಾಗಲೇ ಹೋಗಿರುವ ಪಟ್ಟಿ ಅಲ್ಲಿಯೇ ಉಳಿದಿರುತ್ತದೆ. ಅದನ್ನು ಅಳಿಸುವ ಆಯ್ಕೆ ಜಾಲತಾಣದ ಒಳಗೆ ಬೇರೆ ಕಡೆ ಇರುತ್ತದೆ. ಫೋನ್ ಸಂಖ್ಯೆಯ ಮೂಲಕ ನಿಮ್ಮನ್ನು ಯಾರು ಹುಡುಕಬಹುದು ಎಂಬಲ್ಲಿ ‘ಎಲ್ಲರೂ’ ಎಂದಿದ್ದರೆ ಬದಲಿಸಿ. ಇದು ನಿಮ್ಮೊಬ್ಬರ ವಿಷಯವೂ ಅಲ್ಲ: ನಿಮ್ಮ ಪಟ್ಟಿಯಲ್ಲಿರುವ ಯಾರೋ ಒಬ್ಬರು ನನ್ನಂತೆಯೇ ಎಲ್ಲಿಯೋ ಬೇರೆ ಹೆಸರಿನಲ್ಲಿ ಇರಬಹುದು.

ಖಾತೆ ಅಳಿಸಲು ಹೊರಟವರು ಒಂದನ್ನು ಗಮನಿಸಿ. ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸುವುದೇ ಬೇರೆ, ಶಾಶ್ವತವಾಗಿ ಅಳಿಸುವುದೇ ಬೇರೆ. ಎರಡು ಆಯ್ಕೆಗಳೂ ಅಕ್ಕಪಕ್ಕದಲ್ಲೇ ಇರುತ್ತವೆ. ಫೇಸ್‌ಬುಕ್‌ನಲ್ಲಾದರೆ ಅಳಿಸುವಂತೆ ಕೋರಿದ ಮೇಲೆ 30 ದಿನಗಳ ಅವಧಿ ಇರುತ್ತದೆ, ನಂತರ ಎಲ್ಲವೂ ಅಳಿಯಲು 90 ದಿನಗಳವರೆಗೆ ಹಿಡಿಯಬಹುದು. ಆ 30 ದಿನಗಳೊಳಗೆ ಮತ್ತೆ ಲಾಗಿನ್ ಆಗಿ ಕೋರಿಕೆಯನ್ನು ರದ್ದು ಮಾಡಲು ಅವಕಾಶವಿರುವುದರಿಂದ, ಆ ಆ್ಯಪ್ ಅನ್ನು ಮೊಬೈಲ್‌ನಿಂದ ಮೊದಲೇ ತೆಗೆದುಹಾಕಿ. ನೀವು ಇತರರಿಗೆ ಕಳುಹಿಸಿದ ಸಂದೇಶಗಳು ಮಾತ್ರ ಅವರ ಬಳಿ ಹಾಗೆಯೇ ಉಳಿಯುತ್ತವೆ.